'ಆ ಜಾಗ'ದ ಕ್ಯಾನ್ಸರ್

ಊರಿನ ಹೆಸರು ಬೇಡ. ಆಶಾ ಕಾರ್ಯಕರ್ತೆಯರಿಗೆ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ವೈರಸ್ ತಡೆಯುವ ಎಚ್‌ಪಿವಿ ಲಸಿಕೆ ಬಗ್ಗೆ ಒಂದು ದಿನದ ತರಬೇತಿ. ಬ್ಯಾನರ್ ಮೇಲೆ 'ಗರ್ಭಕಂಠದ ಕ್ಯಾನ್ಸರ್ ತರಬೇತಿ' ಅಂತ ದೊಡ್ಡದಾಗಿ ಬರೆಸಿದ್ದರು. ಬರೆಸಿದವರಿಗೆ ಇದ್ದ ಧೈರ್ಯ ಓದುವವರಿಗೆ ಇರಲಿಲ್ಲ. ಸಾಹೇಬರು ಮೂರು ಗಂಟೆ ಮಾತಾಡಿದರು. ಆ ಅಂಗದ ಹೆಸರು ಒಂದು ಸಲವೂ ಬಾಯಿಂದ ಬರಲಿಲ್ಲ. 'ಆ ಜಾಗ', 'ಕೆಳಗಡೆ', 'ನಿಮಗೇ ಗೊತ್ತಲ್ಲಮ್ಮ'.

ಅಂಕಿಅಂಶಕ್ಕೆ ಮಾತ್ರ ನಾಚಿಕೆ ಇಲ್ಲ. 2022ರಲ್ಲಿ ದೇಶದಲ್ಲಿ ಈ ಕ್ಯಾನ್ಸರ್ ಬಂದವರು ಅಂದಾಜು 1.27 ಲಕ್ಷ, ಸತ್ತವರು ಸುಮಾರು 80 ಸಾವಿರ. ಪಟಪಟ ಓದಿದರು. ಮುಂದಿನ ಸ್ಲೈಡಲ್ಲಿ ಚಿತ್ರ ಬಂತು. ಸಾಹೇಬರ ಬೆರಳು ಅಷ್ಟು ಚುರುಕು ಅಂತ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ಸ್ಲೈಡ್ ಒಟ್ಟಿಗೇ ಹಾರಿ 'ಧನ್ಯವಾದಗಳು' ಬಂದುಬಿಟ್ಟಿತು.

"ಈ ವೈರಸ್ ಹೇಗೆ ಹರಡುತ್ತೆ ಸಾರ್?"

"ಸಂಪರ್ಕದಿಂದಮ್ಮ."

"ಕೆಮ್ಮಿದ್ರೆ ಬರುತ್ತಾ?"

ಸಾಹೇಬರು ನೀರು ಕುಡಿದರು. ಲೈಂಗಿಕ ಸಂಪರ್ಕ ಶುರುವಾಗುವ ಮೊದಲೇ ಹಾಕಿಸಿದರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತೆ, ಅದಕ್ಕೇ 9ರಿಂದ 14 ವರ್ಷದ ಹುಡುಗಿಯರಿಗೆ. ಈ ಒಂದು ಮಾತು ನುಂಗಿಕೊಂಡು, ಆಶಾ ಕಾರ್ಯಕರ್ತೆ ಹುಡುಗಿಯ ಅಜ್ಜಿಯನ್ನು ಏನಂತ ಹೇಳಿ ಒಪ್ಪಿಸುವುದು?

ಎದುರು ಕೂತವರು ಯಾರು ಗೊತ್ತಲ್ವಾ? ಮನೆಮನೆಗೆ ನಿರೋಧ್ ಹಂಚುವವರು. ನಡುರಾತ್ರಿ ಹೆರಿಗೆ ನೋವಿನ ಹೆಂಗಸನ್ನು 108ರಲ್ಲಿ ಕೂರಿಸಿಕೊಂಡು ಹೋಗುವವರು. ಇವರ ಮಾನ ಉಳಿಸಲು ಸಾಹೇಬರು ನಾಚುತ್ತಿದ್ದಾರೆ!

ತಪಾಸಣೆಯ ಸರದಿ ಬಂತು. ಗರ್ಭಕೋಶದ ಬಾಯಿಗೆ ಒಂದು ದ್ರಾವಣ ಸವರಿ, ಸ್ವಲ್ಪ ಕಾದು, ಬಿಳಿ ಮಚ್ಚೆ ಕಾಣುತ್ತಾ ನೋಡುವುದು, ಅಷ್ಟೇ. ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನಲ್ಲಿರುವ ಆಸಿಡ್ಡೇ ಇದರಲ್ಲೂ ಇರುವುದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಈ ಕ್ಯಾನ್ಸರಿಗೆ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಸಾಹೇಬರು "ಅದೊಂದು ಸಣ್ಣ ಟೆಸ್ಟ್" ಅಂದು ಊಟಕ್ಕೆ ಬಿಟ್ಟರು. ಪಲಾವ್ ಚೆನ್ನಾಗಿತ್ತು.

ಊಟ ಆದ ಮೇಲೆ ಪರೀಕ್ಷೆ. "ಒಂದು ಬಿ, ಎರಡು ಎ, ಬೇಗ ಬರೀರಮ್ಮ, ಬಸ್ಸಿದೆ." ಎಲ್ಲರಿಗೂ ನೂರಕ್ಕೆ ನೂರು.

ಕೊನೆಗೆ ಗ್ರೂಪ್ ಫೋಟೊ. ಸಾಹೇಬರು ಬ್ಯಾನರಿನ ಎಡತುದಿಗೆ ನಿಂತರು. 'ಗರ್ಭ' ಅವರ ಹಿಂದೆ ಮರೆಯಾಯಿತು. ಉಳಿದಿದ್ದು 'ಕಂಠದ ಕ್ಯಾನ್ಸರ್ ತರಬೇತಿ'. ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಯಿತು. ಸಂಜೆಯೊಳಗೆ ಒಬ್ಬರ ಮೆಸೇಜ್:

"ನಮ್ಮನೆಯವರು ಗುಟ್ಕಾ ಜಾಸ್ತಿ ಹಾಕ್ತಾರೆ. ಅವರಿಗೂ ಈ ಲಸಿಕೆ ಸಿಗುತ್ತಾ ಅಕ್ಕ?"