ಕೊನೆಯ ತಂಡಕ್ಕೆ ಉಳಿಸಿದ್ದು 12 ನಿಮಿಷ

ಟಿಕೆಟ್ಟಿನ ಮೇಲೆ ಸಂಜೆ 6.30 ಎಂದು ಅಚ್ಚು ಹಾಕುವುದು, 8 ಗಂಟೆ ದಾಟಿದ ಮೇಲೆ ಮೊದಲ ಹಾಡಿಗೆ ಅವಕಾಶ ಕೊಡುವುದು, ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾಗಿ ಬಂದಾಗ ಪೊಲೀಸರ ಕಡೆಗೆ ಬೆರಳು ತೋರಿಸುವುದು: ಬೆಂಗಳೂರಿನ ಸಂಗೀತ ಸಂಜೆಗಳ ಸಂಘಟಕರು ಈ ಚಾಳಿಯನ್ನು ಯಾವಾಗ ಬಿಡುತ್ತಾರೆ? ಕಳೆದ ಶನಿವಾರ ನಗರದ ಒಂದು ಬಯಲು ರಂಗಮಂದಿರದಲ್ಲಿ ನಡೆದ ಜಾನಪದ ರಾಕ್ ಕಾರ್ಯಕ್ರಮವನ್ನು ನೋಡಿ ಬಂದ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದು ಇಳಿಯಬೇಕಾದ ಕಾರಣವೂ ನನಗೆ ಕಾಣುತ್ತಿಲ್ಲ.

ಅಂದು ನಾಲ್ಕು ತಂಡಗಳು ಹಾಡಬೇಕಿತ್ತು. ಯಾವುದೇ ಸಿನಿಮಾ ಕಂಪನಿಯ ಹಂಗಿಲ್ಲದೆ, ಸ್ವಂತ ದುಡ್ಡಿನಲ್ಲಿ ಹಾಡು ಮುದ್ರಿಸಿಕೊಂಡು, ಊರೂರು ತಿರುಗಿ ಹಾಡುವ ಹುಡುಗ ಹುಡುಗಿಯರ ತಂಡಗಳು ಅವು. ತಲಾ 40 ನಿಮಿಷ, ನಡುವೆ ವೇದಿಕೆ ಬದಲಿಸಲು 15 ನಿಮಿಷ ಎಂದು ಲೆಕ್ಕ ಹಾಕಿದ್ದರು. 6.30ಕ್ಕೆ ಆರಂಭವಾಗಿದ್ದರೆ 10 ಗಂಟೆಯ ಒಳಗೆ ನಾಲ್ಕೂ ತಂಡಗಳು ನೆಮ್ಮದಿಯಿಂದ ಹಾಡಿ ಮುಗಿಸಬಹುದಿತ್ತು. ಅಂದರೆ ಯೋಜನೆಯಲ್ಲಿ ದೋಷವಿರಲಿಲ್ಲ. ಆದರೆ 6.30ಕ್ಕೆ ಸರಿಯಾಗಿ ಬಂದು ಕುಳಿತ ನಮ್ಮ ಎದುರಿಗೆ ಇನ್ನೂ ಸೌಂಡ್ ಚೆಕ್ ನಡೆಯುತ್ತಿತ್ತು. ಅದು ಮುಗಿದ ಮೇಲೆ ಜನ ಸೇರಲಿ ಎಂದು ಕಾದರು. ಜನ ಸೇರಿದ ಮೇಲೆ ಪ್ರಾಯೋಜಕರನ್ನು ವೇದಿಕೆಗೆ ಕರೆದು ದೀಪ ಬೆಳಗಿಸಿ, ಶಾಲು ಹೊದೆಸಿ, ಸ್ಮರಣಿಕೆ ಕೊಟ್ಟು, ಒಬ್ಬೊಬ್ಬರಿಂದಲೂ ಎರಡು ಮಾತು ಆಡಿಸಿದರು. ಹಾಡು ಕೇಳಲು ದುಡ್ಡು ಕೊಟ್ಟು ಬಂದವರು ಯಾವುದೋ ವ್ಯಾಪಾರ ಸಂಸ್ಥೆಯ ಬೆಳವಣಿಗೆಯ ವರದಿಯನ್ನು ಕೇಳುತ್ತಾ ಕೂರಬೇಕಾಯಿತು.

ತಡವಾದರೆ ಕೇಳುಗರ ಸಮಯವಷ್ಟೇ ಹಾಳಾಗುತ್ತದೆ ಎಂದು ತಿಳಿದವರಿಗೆ ವೇದಿಕೆಯ ಕೆಲಸ ಗೊತ್ತಿಲ್ಲ. ಇಂಥ ಕಾರ್ಯಕ್ರಮಗಳಲ್ಲಿ ಕೊನೆಗೆ ಹಾಡುವ ತಂಡ ಮೊದಲು ಸೌಂಡ್ ಚೆಕ್ ಮಾಡಿಕೊಳ್ಳುತ್ತದೆ, ಮೊದಲು ಹಾಡುವ ತಂಡ ಕೊನೆಗೆ ಮಾಡಿಕೊಳ್ಳುತ್ತದೆ. ಹಾಗೆ ಮಾಡಿದರೆ ಮೊದಲ ತಂಡದ ವಾದ್ಯ, ಮೈಕುಗಳು ಇದ್ದ ಜಾಗದಲ್ಲೇ ಇರುತ್ತವೆ, ಕಾರ್ಯಕ್ರಮ ತಕ್ಷಣ ಶುರುವಾಗುತ್ತದೆ. ಅಂದು ಧ್ವನಿ ಉಪಕರಣಗಳ ವ್ಯಾನು ಬಂದದ್ದೇ ಸಂಜೆಯ ಹೊತ್ತಿಗೆ. ಮಧ್ಯಾಹ್ನದಿಂದ ಕಾದು ಕುಳಿತಿದ್ದ ಕೊನೆಯ ತಂಡಕ್ಕೆ ಮೈಕಿನಲ್ಲಿ ಸದ್ದು ಬರುತ್ತದೆಯೇ ಎಂದು ನೋಡಿಕೊಳ್ಳುವಷ್ಟು ಮಾತ್ರ ಸಮಯ ಸಿಕ್ಕಿತು. ಗಿಟಾರು, ಡ್ರಮ್ಸ್ ಮಾತ್ರ ಇರುವ ತಂಡವಾದರೆ ಅಷ್ಟರಲ್ಲೇ ಹೇಗೋ ಸುಧಾರಿಸಿಕೊಳ್ಳಬಹುದು. ಜಾನಪದ ವಾದ್ಯಗಳನ್ನು ಇಟ್ಟುಕೊಂಡವರಿಗೆ ಅದು ಸಾಧ್ಯವೇ ಇಲ್ಲ. ಏಕತಾರಿಯ ಮೆಲುದನಿಯನ್ನು ಬ್ಯಾಸ್ ಗಿಟಾರಿನ ಪಕ್ಕದಲ್ಲಿ ಕೇಳುವಂತೆ ಮಾಡುವುದಕ್ಕೆ ಮಿಕ್ಸರ್ ಮುಂದೆ ಕುಳಿತವನಿಗೆ ಕಿವಿಯೂ ಬೇಕು, ಹೊತ್ತೂ ಬೇಕು. ಮೈಕನ್ನು ಸ್ವಲ್ಪ ಹತ್ತಿರ ಇಟ್ಟರೆ ಕಂಸಾಳೆ ಕಿವಿಗೆ ಇರಿಯುತ್ತದೆ, ದೂರ ಇಟ್ಟರೆ ಡ್ರಮ್ಸಿನ ಸದ್ದಿನಲ್ಲಿ ಅದು ಕರಗಿಹೋಗುತ್ತದೆ. ಇನ್ನು ತಮಟೆಯ ವಿಷಯ. ಬೆಂಕಿಯ ಕಾವಿಗೆ ಹಿಡಿದು ಚರ್ಮವನ್ನು ಬಿಗಿಮಾಡಿಕೊಂಡ ಮೇಲೇ ಅದರಿಂದ ಆ ಗಡುಸಾದ ಪೆಟ್ಟು ಹೊರಡುವುದು. ಕಾವು ಆರಿ, ಸಂಜೆಯ ತೇವ ತಗುಲಿದರೆ ಚರ್ಮ ಸಡಿಲವಾಗಿ ನಾದ ಮಂಕಾಗುತ್ತದೆ. ಆ ಕಲಾವಿದರಿಗೆ ಯಾರೂ ಸರಿಯಾದ ಸಮಯ ಹೇಳದ ಕಾರಣ, ಅವರು ಮೈದಾನದ ಹಿಂಬದಿಯಲ್ಲಿ ತಮಟೆಗಳನ್ನು ಕಾಯಿಸುವುದು, ಮತ್ತೆ ಕಾಯುವುದು, ಮತ್ತೆ ಕಾಯಿಸುವುದು, ಇದನ್ನೇ ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅವರಿಗೆ ಕುಳಿತುಕೊಳ್ಳಲು ಕುರ್ಚಿಗಳೂ ಇರಲಿಲ್ಲ.

ಮೊದಲ ತಂಡ ಬಹುಪಾಲು ತನ್ನ ಹಾಡುಗಳನ್ನು ಮುಗಿಸಿತು. ಎರಡನೆಯದು ಕೆಲವನ್ನು ಬಿಟ್ಟಿತು. ಮೂರನೆಯ ತಂಡವನ್ನು ಮೂರು ಹಾಡಿಗೆ ಇಳಿಸಿದರು. ಚಾಮರಾಜನಗರದ ಕಡೆಯ ತಮಟೆ ಮತ್ತು ಕಂಸಾಳೆ ಕಲಾವಿದರನ್ನು ಜೊತೆಗೆ ಕರೆತಂದಿದ್ದ ನಾಲ್ಕನೆಯ ತಂಡ ವೇದಿಕೆ ಏರುವ ಹೊತ್ತಿಗೆ 10 ಗಂಟೆಗೆ 12 ನಿಮಿಷ ಬಾಕಿ ಇತ್ತು. ಮಲೆ ಮಹದೇಶ್ವರನ ಕಥೆಯನ್ನು ರಾತ್ರಿಯಿಡೀ ಹಾಡುವ ಪರಂಪರೆಯಿಂದ ಬಂದವರಿಗೆ 12 ನಿಮಿಷ ಎಂದರೆ ಏನು? ಸ್ತುತಿಪದ ಮುಗಿಸಿ ಉಸಿರು ತೆಗೆದುಕೊಳ್ಳುವುದಕ್ಕೂ ಅದು ಸಾಲದು. ಎರಡನೆಯ ಹಾಡಿನಲ್ಲಿ ಕಂಸಾಳೆಯ ಬೀಸು ಆಗಷ್ಟೇ ವೇಗ ಹಿಡಿದಿತ್ತು, ಅಷ್ಟರಲ್ಲಿ ಮೈಕು ನಿಂತಿತು. ಆ ತಂಡದ ಗಾಯಕಿ ಬರಿಯ ಗಂಟಲಿನಲ್ಲೇ ಕೂಗಿ ನಮ್ಮೆಲ್ಲರ ಕ್ಷಮೆ ಕೇಳಿದಳು. ಅವಳು ಯಾವ ತಪ್ಪಿಗೆ ಕ್ಷಮೆ ಕೇಳಬೇಕಿತ್ತು? ಕ್ಷಮೆ ಕೇಳಬೇಕಾದವರು ವೇದಿಕೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

ಆಮೇಲೆ ನಿರೂಪಕರು ಬಂದು, ಪೊಲೀಸರು ಬಂದಿದ್ದಾರೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಜನ ಪೊಲೀಸರತ್ತ ತಿರುಗಿ ಕೂಗಿದರು. ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಈ ಸುಳ್ಳು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ ನಿಯಮ ನಿನ್ನೆ ಮೊನ್ನೆ ಬಂದದ್ದಲ್ಲ, ಅದು 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ, ಸುಪ್ರೀಂ ಕೋರ್ಟು 2005ರಲ್ಲಿ ಅದನ್ನು ಎತ್ತಿಹಿಡಿದಿದೆ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅಂಥ ವಿನಾಯಿತಿ ಇಲ್ಲದ ದಿನ 10 ಗಂಟೆ ಎಂದರೆ 10 ಗಂಟೆಯೇ. ಸುತ್ತಲಿನ ಮನೆಗಳಲ್ಲಿ ಓದುವ ಮಕ್ಕಳು, ಕಾಯಿಲೆಯವರು, ಬೆಳಗಿನ ಪಾಳಿಗೆ ಹೋಗುವವರು ಇರುತ್ತಾರೆ, ಅವರ ನಿದ್ದೆಗೆ ಆ ನಿಯಮ ಬೇಕು. ಪೊಲೀಸರು ತಮ್ಮ ಕೆಲಸ ಮಾಡಿದರು. ಹಾಡಿನ ಹೊತ್ತನ್ನು ಕದ್ದವರು ಸಂಘಟಕರು.

ಈ ಸಂಗೀತ ನಮ್ಮಲ್ಲಿ ಸುಲಭವಾಗಿ ಬೆಳೆದು ಬಂದದ್ದಲ್ಲ ಎಂಬ ಕಾರಣಕ್ಕೂ ನನಗೆ ಇಷ್ಟು ನೋವಾಗುತ್ತದೆ. ಶಿಶುನಾಳ ಷರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಅವರು ಕ್ಯಾಸೆಟ್ಟುಗಳ ಮೂಲಕ ಮನೆಮನೆಗೆ ಮುಟ್ಟಿಸಿದ್ದರು. ಅದೇ ಷರೀಫರನ್ನು ರಘು ದೀಕ್ಷಿತ್ ಅವರು ಲುಂಗಿಯುಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಹಾಡಿದರು. 2008ರಲ್ಲಿ ಅವರ ತಂಡದ ಮೊದಲ ಆಲ್ಬಮ್ ಬಂತು, ಮರುವರ್ಷ ಸ್ವರಾತ್ಮ ತಂಡದ ಆಲ್ಬಮ್ ಬಂತು. ಕನ್ನಡದ ಪದವನ್ನು ರಾಕ್ ವೇದಿಕೆಯ ಮೇಲೆ ತಲೆಯೆತ್ತಿ ಹಾಡಬಹುದು ಎಂಬ ಧೈರ್ಯ ಅವರಿಂದ ಮುಂದಿನ ಹುಡುಗರಿಗೆ ಸಿಕ್ಕಿತು. ಆ ಹುಡುಗರಿಗೆ ಇವತ್ತು ಅಂತರ್ಜಾಲದಲ್ಲಿ ಹಾಡು ಕೇಳಿದವರಿಂದ ಬರುವುದು ಚಿಲ್ಲರೆ ಕಾಸು. ಹಾಡುಗಾರಿಕೆಯಿಂದ ಬಾಡಿಗೆ ಕಟ್ಟುವುದಕ್ಕೆ, ಹೊಸ ಕೇಳುಗರನ್ನು ಸಂಪಾದಿಸುವುದಕ್ಕೆ, ಮುಂದಿನ ಕಾರ್ಯಕ್ರಮಕ್ಕೆ ಕರೆ ಬರುವುದಕ್ಕೆ ಇರುವ ದಾರಿ ಇಂಥ ಸಂಜೆಗಳೇ. ಹೆಸರಿರುವ ತಂಡದ ಒಂದು ನಿಮಿಷವನ್ನೂ ಯಾವ ಸಂಘಟಕನೂ ಕಡಿಮೆ ಮಾಡುವುದಿಲ್ಲ. ಕತ್ತರಿ ಬೀಳುವುದು ಯಾವಾಗಲೂ ಎದುರು ಮಾತಾಡಲಾರದವರ ಮೇಲೆ, ಅವರಲ್ಲೂ ಹಳ್ಳಿಯಿಂದ ಬಂದ ಕಲಾವಿದರ ಮೇಲೆ.

ಬೆಂಗಳೂರಿನ ಜನ ಹೊತ್ತಿಗೆ ಬರುವುದಿಲ್ಲ, ಖಾಲಿ ಕುರ್ಚಿಗಳ ಮುಂದೆ ಹಾಡಿಸುವುದು ಹೇಗೆ ಎಂದು ಸಂಘಟಕರಲ್ಲೊಬ್ಬರು ನನ್ನನ್ನೇ ಕೇಳಿದರು. ಜನ ತಡವಾಗಿ ಬರುವುದು ಕಾರ್ಯಕ್ರಮ ತಡವಾಗಿಯೇ ಶುರುವಾಗುತ್ತದೆ ಎಂದು ನೀವು ಅವರಿಗೆ ಕಲಿಸಿರುವುದರಿಂದ. ಹೇಳಿದ ಹೊತ್ತಿಗೆ ಬಂದವರಿಗೆ ಶಿಕ್ಷೆ, ತಡವಾಗಿ ಬಂದವರಿಗೆ ಮರ್ಯಾದೆ ಎಂಬ ಪದ್ಧತಿಯಲ್ಲಿ ಯಾರು ತಾನೆ ಬೇಗ ಬಂದಾರು? ಇದೇ ಊರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ, ಆಮೇಲೆ ಬಂದವರಿಗೆ ಪ್ರವೇಶವಿಲ್ಲ. ಇದೇ ಬೆಂಗಳೂರಿನ ಜನ, ಇದೇ ಟ್ರಾಫಿಕ್ಕು ದಾಟಿಕೊಂಡು, ಅಲ್ಲಿಗೆ ಮುಂಚಿತವಾಗಿಯೇ ಬಂದು ಕಾಯುತ್ತಾರೆ. ರಾತ್ರಿಯಿಡೀ ಆಡುತ್ತಿದ್ದ ಯಕ್ಷಗಾನದವರು ಕಾಲಮಿತಿಯ ಪ್ರಯೋಗಗಳಿಗಾಗಿ ದೊಡ್ಡ ದೊಡ್ಡ ಪ್ರಸಂಗಗಳನ್ನು ಕೆಲವೇ ಗಂಟೆಗಳಿಗೆ ಒಗ್ಗಿಸಿಕೊಂಡರು. ಕಲಾವಿದರಿಗೆ ಹೊತ್ತಿನ ಬೆಲೆ ಗೊತ್ತಿದೆ. ಅದನ್ನು ಗೌರವಿಸಲು ವೇದಿಕೆ ಕಟ್ಟುವವರು ತಯಾರಿಲ್ಲ.

ಟಿಕೆಟ್ ದುಡ್ಡಿನ ಬಗ್ಗೆ ನನಗೆ ಅಂಥ ತಕರಾರಿಲ್ಲ. ಆದರೂ ಸಂಘಟಕರಿಗೆ ಕಾಗದ ಬರೆದೆ. ಮುಂದಿನ ಕಾರ್ಯಕ್ರಮಕ್ಕೆ ರಿಯಾಯಿತಿ ಕೊಡುತ್ತೇವೆ ಎಂದು ಎರಡು ಸಾಲಿನ ಉತ್ತರ ಬಂತು. ನಾಲ್ಕನೆಯ ತಂಡದ ಹೆಸರೇ ಅದರಲ್ಲಿ ಇರಲಿಲ್ಲ. ನನಗೆ ಆ ರಿಯಾಯಿತಿ ಬೇಡ. ಕಂಸಾಳೆ ಮತ್ತು ತಮಟೆಯ ಕಲಾವಿದರಿಗೆ ಒಪ್ಪಿಕೊಂಡ ಸಂಭಾವನೆಯನ್ನು, 12 ನಿಮಿಷದ ಲೆಕ್ಕ ಹಿಡಿಯದೆ, ಪೂರ್ತಿಯಾಗಿ ಕೊಟ್ಟಿದ್ದೀರೋ ಇಲ್ಲವೋ ಎಂಬುದನ್ನು ಬಹಿರಂಗವಾಗಿ ಹೇಳಿ. ಮುಂದಿನ ಸಲ ಯಾವ ತಂಡ ಎಷ್ಟು ಗಂಟೆಗೆ ಎಂದು ಟಿಕೆಟ್ಟಿನ ಮೇಲೇ ಅಚ್ಚು ಹಾಕಿ, ಪ್ರಾಯೋಜಕರ ಭಾಷಣವನ್ನು ಕೊನೆಯ ಹಾಡಿನ ನಂತರಕ್ಕೆ ಇಟ್ಟುಕೊಳ್ಳಿ, ಮತ್ತು ಆ ನಾಲ್ಕನೆಯ ತಂಡವನ್ನು ಮರಳಿ ಕರೆದು ಎಲ್ಲರಿಗಿಂತ ಮೊದಲು ಹಾಡಿಸಿ. ಹಾಗೆ ಮಾಡುವುದಾದರೆ 6.30ಕ್ಕೆ ಮುಂಚೆಯೇ ನಾನು ಅಲ್ಲಿರುತ್ತೇನೆ, ಪೂರ್ತಿ ಬೆಲೆ ಕೊಟ್ಟೇ ಬರುತ್ತೇನೆ.