ಪೌಂಡಿನ ಲೆಕ್ಕ, ಕಿಲೋದ ಲೆಕ್ಕ

ಹ್ಯೂಸ್ಟನ್ನಿನಲ್ಲಿ ನೆಲೆಸಿ 18 ವರ್ಷಗಳಾದ ನಾನು ಕಳೆದ ತಿಂಗಳು ಬೆಂಗಳೂರಿಗೆ ಬಂದು ಜಯನಗರದ ತಂಗಿಯ ಮನೆಯಲ್ಲಿ ಉಳಿದುಕೊಂಡಿದ್ದಾಗ, ಪ್ರಥಮ ಪಿಯುಸಿ ಓದುತ್ತಿರುವ ಅವಳ ಮಗಳು ಭೌತಶಾಸ್ತ್ರದ ನೋಟ್‌ಬುಕ್ಕನ್ನು ತಂದು ಮುಂದಿಟ್ಟಳು. 400 ಗ್ರಾಂ ದ್ರವ್ಯರಾಶಿಯ ವಸ್ತುವಿನ ಮೇಲೆ 12 ನ್ಯೂಟನ್ ಬಲ ಪ್ರಯೋಗವಾದರೆ ವೇಗೋತ್ಕರ್ಷ ಎಷ್ಟು ಎಂಬುದು ಪ್ರಶ್ನೆ. ಅವಳು 12ನ್ನು 400ರಿಂದ ಭಾಗಿಸಿ, 0.03 ಎಂದು ಬರೆದು, ಕೊನೆಗೆ ‘ಮೀಟರ್ ಪ್ರತಿ ಸೆಕೆಂಡ್ ವರ್ಗ’ ಎಂದು ಅಂಟಿಸಿದ್ದಳು. ಗ್ರಾಮನ್ನು ಕಿಲೋಗ್ರಾಮಿಗೆ ತಂದು 0.4ರಿಂದ ಭಾಗಿಸಿದ್ದರೆ ಉತ್ತರ 30 ಬರುತ್ತಿತ್ತು.

ಮರೆವು ಯಾರಿಗೂ ಬರಬಹುದು. ಆದರೆ ಸಾವಿರ ಪಟ್ಟು ತಪ್ಪಾದ ಉತ್ತರ ಅವಳ ಕಣ್ಣಿಗೆ ಕುಟುಕಲೇ ಇಲ್ಲ. ನಾನೂ ಇದೇ ಊರಿನಲ್ಲಿ ಹೀಗೆಯೇ ಕಲಿತವನು: ಮೊದಲ ಸಾಲಿನಲ್ಲಿ ಎಲ್ಲವನ್ನೂ ಎಸ್‌ಐ, ಅಂದರೆ ಮೀಟರ್-ಕಿಲೋಗ್ರಾಂ-ಸೆಕೆಂಡಿನ ಅಂತರರಾಷ್ಟ್ರೀಯ ಪದ್ಧತಿಯ, ಏಕಮಾನಕ್ಕೆ ತರುವುದು, ನಡುವೆ ಬರಿಯ ಅಂಕಿಗಳನ್ನು ಓಡಿಸುವುದು, ಅರ್ಧ ಅಂಕ ಹೋದೀತೆಂಬ ಭಯಕ್ಕೆ ಕೊನೆಯಲ್ಲಿ ಏಕಮಾನ ಬರೆಯುವುದು.

ಅಮೆರಿಕದಲ್ಲಿ ಆ ಸೌಲಭ್ಯವಿಲ್ಲ, ಏಕೆಂದರೆ ಅಲ್ಲಿ ಪೌಂಡ್ ಎಂಬ ಒಂದೇ ಹೆಸರು ದ್ರವ್ಯರಾಶಿಗೂ ಉಂಟು, ಬಲಕ್ಕೂ ಉಂಟು. 20 ಪೌಂಡಿನ ವಸ್ತುವಿನ ಮೇಲೆ 50 ಪೌಂಡ್ ಬಲ ಹಾಕಿದರೆ ಭಾಗಾಕಾರದಿಂದ 2.5 ಬರುತ್ತದೆ, ಅದನ್ನು ಅಡಿಗಳ ಲೆಕ್ಕದ ಗುರುತ್ವ ವೇಗೋತ್ಕರ್ಷವಾದ 32.2ರಿಂದ ಗುಣಿಸಿದಾಗಲೇ ಸೆಕೆಂಡ್ ವರ್ಗಕ್ಕೆ ಸುಮಾರು 80.5 ಅಡಿ ಎಂಬ ವೇಗೋತ್ಕರ್ಷ ಸಿಗುವುದು. ಇದನ್ನು ತಪ್ಪಿಸಲೆಂದೇ ‘ಸ್ಲಗ್’ ಎಂಬ, ಸುಮಾರು 14.6 ಕಿಲೋಗ್ರಾಮಿನ ಏಕಮಾನವೊಂದಿದೆ. ಅದರಲ್ಲಿ ತರಕಾರಿ ತೂಗಿಸಿಕೊಂಡವರನ್ನು ಮಾತ್ರ ನಾನು ಕಂಡಿಲ್ಲ. ಈ ಗೊಂದಲದ ದೆಸೆಯಿಂದಲೇ ನನ್ನ ಅಲ್ಲಿನ ಸಹೋದ್ಯೋಗಿಗಳು ಪ್ರತಿ ಸಾಲಿನಲ್ಲೂ ಏಕಮಾನ ಬರೆದು, ಭಾಗಾಕಾರದ ಮೇಲೂ ಕೆಳಗೂ ಬರುವ ಒಂದೇ ಏಕಮಾನವನ್ನು ಹೊಡೆದುಹಾಕುತ್ತಾ ಹೋಗುತ್ತಾರೆ.

ಪೌಂಡನ್ನು ಹೊಗಳುವ ಉದ್ದೇಶ ನನಗಿಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾದದ್ದು, ಒಂದು ತಂತ್ರಾಂಶ ಪೌಂಡ್-ಸೆಕೆಂಡಿನಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಎಂದು ಓದಿದ್ದರಿಂದ, ವ್ಯತ್ಯಾಸ 4.45 ಪಟ್ಟು. 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಹೊರಳಿದ ನಾವು ಪುಣ್ಯವಂತರು.

ಆದರೂ ಆ 2.5ರಲ್ಲಿ ಒಂದು ಸ್ವಾರಸ್ಯವಿದೆ. ಅದು ಗುರುತ್ವ ವೇಗೋತ್ಕರ್ಷದ ಎರಡೂವರೆ ಪಟ್ಟು ಎಂಬುದನ್ನು ನೇರವಾಗಿ ಹೇಳುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ‘50 ಕೆಜಿ ಲೋಡ್ ಹಾಕಿ’ ಎನ್ನುವ ಫಿಟ್ಟರ್‌ನ ಲೆಕ್ಕವೂ ಇದೇ: 20 ಕಿಲೋದ ಭಾಗಕ್ಕೆ 50 ಕೆಜಿ ಬಲವೆಂದರೆ ಅಲ್ಲಿಯೂ ಎರಡೂವರೆ ಪಟ್ಟೇ. ಒಂದು ಕೆಜಿ ಬಲವೆಂದರೆ ಸುಮಾರು 9.81 ನ್ಯೂಟನ್ ಎಂದು ಹೇಳಿಕೊಟ್ಟ ಮೇಲೆ ಆ ಮಾತನ್ನು ತರಗತಿಯಲ್ಲಿ ಅಶಾಸ್ತ್ರೀಯವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಸೋದರಸೊಸೆಗೆ ಎಸ್‌ಐ ಬಿಡು ಎನ್ನಲಿಲ್ಲ; ಪ್ರತಿ ಸಾಲಿನಲ್ಲೂ ಏಕಮಾನ ಬರೆಯಿಸಿ, ಬಂದ ಉತ್ತರವನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದ ಭಾಗಿಸಿ ನೋಡು ಎಂದೆ. ಮೊದಲಿನ 0.03ಕ್ಕೆ ಸುಮಾರು ಮುನ್ನೂರರಲ್ಲಿ ಒಂದು ಪಾಲು ಬಂತು. ತಿದ್ದಿದ 30ಕ್ಕೆ ಸುಮಾರು ಮೂರು ಪಟ್ಟು. ‘ಕೈಬಿಟ್ಟ ಕಲ್ಲಿಗಿಂತ ಮೂರು ಪಟ್ಟು’ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ‘ಇದಕ್ಕೆ ಮಾರ್ಕ್ಸ್ ಕೊಡ್ತಾರಾ, ಮಾಮ?’ ಎಂದು ಕೇಳಿದಳು. ಕೊಡುವುದಿಲ್ಲ ಎಂದೆ. ಅವಳು ಅದನ್ನು ಅಳಿಸಲಿಲ್ಲ.