ಇದ್ರಾಗ ಬಿಸಲು ಎಲ್ಲದ?

ಎರಡು ವರ್ಷದ ಹಿಂದೆ, ಮೇ ತಿಂಗಳು. ಮಳಖೇಡದ ಕೋಟೆ ಸುತ್ತಿ ಕಾಗಿಣಾ ಹೊಳೆಯ ದಂಡೆಗೆ ಬಂದಿದ್ದೆ. ಹೊತ್ತು ನೆತ್ತಿಗೆ ಏರಿತ್ತು. ಅಲ್ಲೊಂದು ಬೇವಿನ ಮರ, ಅದರ ಬುಡದಲ್ಲಿ ಆಡು ಕಾಯುವ ಒಬ್ಬ ಆಯಿ. ನಾನು ಬಿಸಿಲಲ್ಲೇ ನಿಂತು ಕೋಟೆ ಗೋಡೆಯ ಫೋಟೋ ತೆಗೀತಾ ಇದ್ದೆ. "ಯಾಕ ಸುಟ್ಕೊಳ್ಲತ್ತಿ ತಮ್ಮಾ, ಬಾ ನೆಳ್ಳಿಗಿ" ಅಂತ ಕರೆದರು. ಹೋಗಿ ಕುಳಿತೆ. ತಂಬಿಗೆಯಲ್ಲಿ ನೀರು ಕೊಟ್ಟರು. ತೆಗೆದ ಫೋಟೋ ತೋರಿಸಿದೆ. ಸ್ಕ್ರೀನಿಗೆ ಸೆರಗು ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಇದ್ರಾಗ ಬಿಸಲು ಎಲ್ಲದ?"

ನಾನೂ ಮತ್ತೆ ನೋಡಿದೆ. ನೀಲಿ ಆಕಾಶ, ಕಲ್ಲಿನ ಗೋಡೆ, ಒಂದೆರಡು ಹಕ್ಕಿ. ಡಿಸೆಂಬರ್‌ನಲ್ಲಿ ತೆಗೆದಿದ್ದು ಅಂದರೂ ಎಲ್ಲರೂ ನಂಬುತ್ತಿದ್ದರು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು, ಕಣ್ಣು ಉರಿಯುತ್ತಿತ್ತು, ಫೋಟೋದಲ್ಲಿ ಮಾತ್ರ ಅದು ಯಾವುದೂ ಇರಲಿಲ್ಲ.

ಅಲ್ಲೇ ಕುಳಿತು ಇನ್ನೊಂದು ತೆಗೆದೆ. ಮರದ ನೆರಳು ನೆಲದ ಮೇಲೆ ಒಂದು ಚಾಪೆಯಷ್ಟು ಇತ್ತು. ನಾಲ್ಕು ಆಡು ಅದರ ಅಂಚಿನವರೆಗೂ ಒತ್ತಿಕೊಂಡು ನಿಂತಿದ್ದವು. ಒಂದು ಕರಿ ಆಡಿನ ಬಾಲ ಮಾತ್ರ ಬಿಸಿಲಿಗೆ ಬಿದ್ದಿತ್ತು. ಸುತ್ತಲೂ ಬೆಳ್ಳಗೆ ಸುಟ್ಟ ನೆಲ. ಈ ಫೋಟೋ ನೋಡಿದವರೆಲ್ಲ ಮೊದಲು ಹೇಳುವ ಮಾತು "ಅಬ್ಬಾ, ಏನ್ ಬಿಸಿಲು". ಬೇಕಿದ್ದರೆ ಕೆಳಗೆ ಹಾಕಿದ್ದೇನೆ, ನೋಡಿ.

ಆವತ್ತಿನಿಂದ ನಾನು ಫೋಟೋ ತೆಗೆಯುವ ರೀತಿ ಬದಲಾಯಿತು. ಈ ಬರಹ ಅದರ ಬಗ್ಗೆಯೇ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಕಡೆ ಸುತ್ತಾಡುವವರು, ಹೊರಗಿನಿಂದ ಬರುವವರು, ಎಲ್ಲರದೂ ಒಂದೇ ಮಾತು. ಕಲಬುರಗಿ, ಬೀದರ, ಯಾದಗಿರಿ ಅಂದರೆ ನವೆಂಬರ್‌ನಿಂದ ಜನವರಿ, ಅಷ್ಟೇ. ಉಳಿದ ತಿಂಗಳು ಕ್ಯಾಮೆರಾ ಹೊರಗೆ ತೆಗೆಯಬಾರದಂತೆ. ತೆಗೆದರೂ ಆಮೇಲೆ ಮೊಬೈಲ್‌ನಲ್ಲಿ ಕುಳಿತು ಆಕಾಶಕ್ಕೆ ನೀಲಿ ಬಳಿದು, ಹುಲ್ಲಿಗೆ ಹಸಿರು ಬಳಿದು, ನಮ್ಮ ಊರನ್ನ ಮಲೆನಾಡು ಮಾಡಿ ಹಾಕುತ್ತಾರೆ. ನನಗೆ ಇದು ನೋವಾಗುತ್ತದೆ, ನಿಜವಾಗಿ. ವರ್ಷದಲ್ಲಿ ನಾಲ್ಕು ತಿಂಗಳು ನಾವು ಬದುಕುವುದೇ ಬಿಸಿಲಲ್ಲಿ. ಏಪ್ರಿಲ್, ಮೇ ಬಂದರೆ ಸರ್ಕಾರಿ ಆಫೀಸಿನ ಹೊತ್ತೂ ಬದಲಾಗುತ್ತದೆ, ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನ 1:30ಕ್ಕೆ ಮುಗೀತು. ಆ ನಾಲ್ಕು ತಿಂಗಳು ನಮ್ಮ ಫೋಟೋಗಳಲ್ಲಿ ಇಲ್ಲದಿದ್ದರೆ ಹೇಗೆ?

ತೊಂದರೆ ಏನಂದರೆ ಕ್ಯಾಮೆರಾಕ್ಕೆ ಬೆಳಕು ಗೊತ್ತು, ಬಿಸಿ ಗೊತ್ತಿಲ್ಲ. ಬಿಸಿಲಿನ ಗುರುತು ನಾವೇ ಹುಡುಕಬೇಕು. ಮಧ್ಯಾಹ್ನ ಕಲಬುರಗಿಯ ಸಿಗ್ನಲ್ ನೋಡಿ. ಬೈಕುಗಳು ಸಿಗ್ನಲ್ ಹತ್ತಿರ ನಿಲ್ಲುವುದಿಲ್ಲ. ಐವತ್ತು ಅಡಿ ಹಿಂದೆ ಒಂದು ಗಿಡದ ನೆರಳಿದ್ದರೆ ಅಲ್ಲೇ ಸಾಲಾಗಿ ನಿಲ್ಲುತ್ತವೆ, ಮುಂದಿನ ರಸ್ತೆ ಪೂರ್ತಿ ಖಾಲಿ. ಆ ಖಾಲಿ ಜಾಗವೇ ನನಗೆ ಬಿಸಿಲಿನ ಫೋಟೋ. ಇನ್ನೊಂದು, ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ಕಲಬುರಗಿಯ ನೆತ್ತಿಯ ಮೇಲೇ ಬರುತ್ತಾನೆ. 12 ಗಂಟೆ 20 ನಿಮಿಷದ ಆಸುಪಾಸು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಆಗಸ್ಟ್ ಮೊದಲ ವಾರದ ಸುಮಾರಿಗೆ ಇನ್ನೊಮ್ಮೆ ಬರುತ್ತದೆ, ಆದರೆ ಆಗ ಮೋಡ ಇರುತ್ತದೆ, ಸಿಗುವುದು ಕಷ್ಟ. ನೆರಳಿಲ್ಲದ ಕಂಬ, ನೆರಳಿಲ್ಲದ ಮನುಷ್ಯ, ಇದನ್ನ ಇಲ್ಲಿನವರು ತೆಗೆಯದೆ ಇನ್ಯಾರು ತೆಗೆಯಬೇಕು?

ಸಾಮಾನಿನ ವಿಷಯ ಸ್ವಲ್ಪ ಹೇಳಲೇಬೇಕು. ಬಹಳಷ್ಟು ಕ್ಯಾಮೆರಾಗಳ ಪುಸ್ತಕದಲ್ಲಿ 0ರಿಂದ 40 ಡಿಗ್ರಿವರೆಗೆ ಬಳಸಿ ಅಂತ ಬರೆದಿರುತ್ತದೆ. ಐಫೋನ್‌ಗೆ ಅದು 35 ಡಿಗ್ರಿ ಮಾತ್ರ. ನಮ್ಮಲ್ಲಿ ಮೇ ತಿಂಗಳಲ್ಲಿ 42, 43 ಅನ್ನುವುದು ದಿನದ ಮಾತು. ಅಂದರೆ ನಾವು ಹೊರಗೆ ತೆಗೆದ ಕೂಡಲೇ ಗಡಿ ದಾಟಿರುತ್ತೇವೆ. ಫೋನು ಕಾದರೆ ಮೊದಲು ಸ್ಕ್ರೀನ್ ಮಂಕಾಗುತ್ತದೆ, ಆಮೇಲೆ ಕ್ಯಾಮೆರಾ ತಾನಾಗಿ ಬಂದ್ ಆಗುತ್ತದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಕಾದರೆ ಫೋಟೋದಲ್ಲಿ ಕಾಳು ಕಾಳು ಜಾಸ್ತಿ ಕಾಣುತ್ತದೆ, ಅದರಲ್ಲೂ ವಿಡಿಯೋ ಮಾಡಿದರೆ, ಬಹಳ ಹೊತ್ತು ಶಟರ್ ತೆರೆದಿಟ್ಟರೆ. ನಾನು ಮಾಡುವುದು ಇಷ್ಟೇ. ಕರಿ ಕ್ಯಾಮೆರಾ ಬಿಸಿಲನ್ನ ಹೀರುತ್ತದೆ, ಹಾಗಾಗಿ ಮೇಲೆ ಒಂದು ಬಿಳಿ ವಸ್ತ್ರ ಹಾಕಿಕೊಂಡಿರುತ್ತೇನೆ. ತೆಗೆಯುವಾಗ ಮಾತ್ರ ಸರಿಸುವುದು. ನಿಲ್ಲಿಸಿದ ಕಾರಿನಲ್ಲಿ, ಬೈಕಿನ ಟ್ಯಾಂಕ್ ಕವರ್‌ನಲ್ಲಿ ಬಿಟ್ಟು ಹೋಗುವುದಿಲ್ಲ. ಕಾದ ಫೋನನ್ನು ಫ್ರಿಜ್ಜಿನಲ್ಲಿ ಇಡುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ, ಒಳಗೆ ನೀರು ಕೂರುತ್ತದೆ. ನೆರಳಲ್ಲಿಟ್ಟು ಗಾಳಿ ಹೊಡೆದರೆ ಸಾಕು. ಇನ್ನು ನಮ್ಮ ದೇಹ. ತಲೆಗೆ ಹಸಿ ಟವೆಲ್, ಚೀಲದಲ್ಲಿ ಮಜ್ಜಿಗೆ, 11ರಿಂದ 4ರವರೆಗೆ ಬರೀ ಹತ್ತು ಹತ್ತು ನಿಮಿಷ ಹೊರಗೆ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಬೇಕು. ಯಾವ ಫೋಟೋನೂ ಅದಕ್ಕಿಂತ ದೊಡ್ಡದಲ್ಲ.

ಆ ಹೊತ್ತಿನಲ್ಲಿ ನಾನು ಹೋಗುವ ಜಾಗ ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ. 1367ರದು. ಮಸೀದಿ ಅಂದರೆ ನಡುವೆ ತೆರೆದ ಅಂಗಳ ಇರುತ್ತದಲ್ಲ, ಇಲ್ಲಿ ಅದಿಲ್ಲ, ಪೂರ್ತಿ ಮೇಲೆ ಗುಮ್ಮಟಗಳ ಮಾಡು. ಹೊರಗೆ ಕೆಂಡ, ಒಳಗೆ ಕಮಾನುಗಳ ಸಾಲು, ತಂಪು. ಬಿಸಿಲು ಪಕ್ಕದ ಕಮಾನುಗಳಿಂದ ಮಾತ್ರ ಒಳಗೆ ಬರುತ್ತದೆ. ಒಳಗಿನ ಕತ್ತಲಿಗೆ ಎಕ್ಸ್‌ಪೋಸ್ ಮಾಡಿದರೆ, ಅಂದರೆ ಕತ್ತಲಿಗೆ ತಕ್ಕಂತೆ ಬೆಳಕು ಹೊಂದಿಸಿದರೆ, ಹೊರಗಿನದು ಸುಮ್ನೆ ಬೆಳ್ಳಗೆ ಸುಟ್ಟು ಹೋಗುತ್ತದೆ. ಫೋಟೋಗ್ರಫಿ ಕಲಿಸುವವರು ಇದನ್ನ ತಪ್ಪು ಅನ್ನುತ್ತಾರೆ. ಮೇ ತಿಂಗಳಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಆ ಬಾಗಿಲಿನಾಚೆ ಆವತ್ತು ಏನೂ ಕಾಣುತ್ತಿರಲಿಲ್ಲ, ಕಣ್ಣಿಗೂ ಹಾಗೇ ಇತ್ತು.

ದೊಡ್ಡ ಜೂಮ್ ಲೆನ್ಸ್ ಇರುವವರಿಗೆ ಒಂದು ಮಾತು. ಬಿಸಿಲಲ್ಲಿ ದೂರದ ಹಕ್ಕಿ ತೆಗೆದು, ಮಸುಕು ಬಂತು, ಲೆನ್ಸ್ ಸರಿಯಿಲ್ಲ ಅಂತ ಮಾರಲು ಹೊರಟವರು ಇದ್ದಾರೆ. ಲೆನ್ಸ್‌ನ ತಪ್ಪಲ್ಲ ಅದು. ನೆಲದ ಹತ್ತಿರದ ಗಾಳಿ ಕಾದಿರುತ್ತದೆ, ಮೇಲಿನದು ಅಷ್ಟು ಕಾದಿರುವುದಿಲ್ಲ, ಬೆಳಕು ಅವೆರಡರ ನಡುವೆ ಬಾಗುತ್ತಾ ಬರುತ್ತದೆ. ಟಾರು ರಸ್ತೆ ಮೇಲೆ ನೀರು ನಿಂತ ಹಾಗೆ ಕಾಣುವುದೂ ಇದಕ್ಕೇ. ಯಾವ ಸೆಟ್ಟಿಂಗ್‌ಗೂ ಇದು ಬಗ್ಗುವುದಿಲ್ಲ. ಸುರಪುರದ ಹತ್ತಿರ ಬೋನಾಳ ಕೆರೆಗೆ ಹೋಗುವವರು ಸೂರ್ಯ ಏಳುವ ಮೊದಲೇ ಅಲ್ಲಿರಬೇಕು. ಒಂಬತ್ತಾದರೆ ಮುಗೀತು.

ಬಿಸಿಲು ಬಿಟ್ಟರೆ ನನಗೆ ಅತಿ ಪ್ರೀತಿ ಮೇ ಕೊನೆಯ ಸಂಜೆಗಳು. ಮಿರ್ಗ (ಮೃಗಶಿರ) ಮಳೆ ಇನ್ನೂ ಬಂದಿರುವುದಿಲ್ಲ. ನಾಲ್ಕು ಗಂಟೆಗೆ ಒಂದು ಕಡೆ ಆಕಾಶ ಕಪ್ಪಾಗುತ್ತದೆ, ಇನ್ನೊಂದು ಕಡೆಯಿಂದ ಬಿಸಿಲು ಓರೆಯಾಗಿ ಹೊಡೀತಿರುತ್ತದೆ, ನಡುವೆ ಧೂಳಿನ ಗೋಡೆಯೇ ಎದ್ದು ಬರುತ್ತದೆ. ಹತ್ತು ನಿಮಿಷ ಇರುತ್ತದೆ ಆ ಬೆಳಕು. ಆ ಹತ್ತು ನಿಮಿಷದಲ್ಲಿ ಲೆನ್ಸ್ ಬದಲಾಯಿಸಬೇಡಿ, ಎರೆ ಮಣ್ಣಿನ ಧೂಳು ಸೆನ್ಸರ್ ಮೇಲೆ ಕೂತರೆ ತೆಗೆಯುವುದು ಕಷ್ಟ. ಅಂಗಿ ಚುಂಗಿನಿಂದ ಗಾಜು ಒರೆಸಲೂಬೇಡಿ. ಮೊದಲು ರಬ್ಬರ್ ಪಂಪಿನಿಂದ ಊದಿ, ಆಮೇಲೆ ಬಟ್ಟೆ.

ಮತ್ತೆ ಸಿಡಿಲು. ಬಯಲಲ್ಲಿ ಕಬ್ಬಿಣದ ಸ್ಟ್ಯಾಂಡ್ ನೆಟ್ಟು ಮಿಂಚು ಹಿಡಿಯಲು ನಿಲ್ಲುವ ಹುಡುಗರನ್ನ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಬೀದರಿನ ಅಷ್ಟೂರಿಗೆ ಹೋಗಿದ್ದೀರಾ? ಬಹಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಹುಮಾಯೂನ್ ಶಹನದು ಒಂದು. ಸಿಡಿಲು ಬಡಿದು ಗುಮ್ಮಟ ಸೀಳಿ ಬಿದ್ದಿದೆ, ಒಳಗಿನ ದಪ್ಪ ಗೋಡೆ ಹೊರಗಿಂದಲೇ ಕಾಣುತ್ತದೆ. ಅಷ್ಟು ದೊಡ್ಡ ಕಟ್ಟಡಕ್ಕೇ ಹಾಗಾದರೆ ನಮ್ಮ ಪಾಡೇನು? ಮಿಂಚು ಕಂಡ ಮೇಲೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಒಳಗೆ ಹೋಗಬೇಕು. ಗಿಡದ ಕೆಳಗಲ್ಲ, ಪಕ್ಕಾ ಮನೆಯೊಳಗೆ, ಇಲ್ಲವೆ ಗಾಜು ಏರಿಸಿದ ಕಾರಿನೊಳಗೆ. ಮಿಂಚಿನ ಫೋಟೋ ಕಿಟಕಿಯಿಂದಲೂ ಬರುತ್ತದೆ. ರಾತ್ರಿ ಹೊತ್ತು ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100 ಅಥವಾ 200, ಅಪರ್ಚರ್ (ಬೆಳಕು ಬರುವ ಲೆನ್ಸ್‌ನ ಕಿಂಡಿ) ಎಫ್ 8, ಶಟರ್ 15ರಿಂದ 30 ಸೆಕೆಂಡ್, ಕ್ಯಾಮೆರಾ ಕಿಟಕಿ ಕಟ್ಟೆ ಮೇಲೆ. ಒಂದೊಂದು ಸಲ ಐವತ್ತು ತೆಗೆದರೆ ಒಂದರಲ್ಲಿ ಬೀಳುತ್ತದೆ.

ಮಳೆಗಾಲಕ್ಕೆ ಬೀದರ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ ಸುಮಾರು 700. ಜುಲೈ, ಆಗಸ್ಟಿನಲ್ಲಿ ಮೋಡ ಕೋಟೆ ಗೋಡೆಗೆ ಒರಗಿಕೊಂಡೇ ಹೋಗುತ್ತವೆ. ಅಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಒಣಗಿದಾಗ ಬೂದಿ ಬಳಿದ ಹಾಗಿರುತ್ತದೆ, ತೊಯ್ದರೆ ಒಳಗಿನ ಕೆಂಪು ಪೂರ್ತಿ ಮೇಲೆ ಬರುತ್ತದೆ. 1472ರ ಮಹಮೂದ್ ಗವಾನ್ ಮದರಸಾದ ಉಳಿದಿರುವ ಮಿನಾರಿನ ಮೇಲೆ ಇನ್ನೂ ಅಲ್ಲಲ್ಲಿ ನೀಲಿ, ಹಸಿರು ಹಂಚು ಅಂಟಿಕೊಂಡಿವೆಯಲ್ಲ, ಅವು ಬಿಸಿಲಲ್ಲಿ ಥಳ ಥಳ ಹೊಳೆದು ಬಣ್ಣ ಕಳೆದುಕೊಳ್ಳುತ್ತವೆ. ಮೋಡ ಕವಿದ ದಿನ ನೋಡಿ, ಒಂದೊಂದು ಹಂಚೂ ಬೇರೆ ಬೇರೆ ನೀಲಿ.

ಅಲ್ಲೇ ನನಗೊಂದು ಪಾಠವೂ ಆಯಿತು. ರಾತ್ರಿಯಿಡೀ ಎಸಿ ಬಸ್ಸಿನಲ್ಲಿ ಬಂದು ಬೆಳಗ್ಗೆ 6ಕ್ಕೆ ಬೀದರಿನಲ್ಲಿ ಇಳಿದೆ. ಕೋಟೆಯೊಳಗೆ ಮಂಜು ನುಗ್ಗಿತ್ತು, ಜೀವಮಾನದಲ್ಲಿ ಒಮ್ಮೆ ಸಿಗುವಂಥದ್ದು. ಚೀಲದಿಂದ ಕ್ಯಾಮೆರಾ ತೆಗೆದೆ, ಗಾಜೆಲ್ಲ ಬೆವರಿತು. ಒರೆಸಿದಷ್ಟೂ ಬೆವರುತ್ತಿತ್ತು. ಅರ್ಧ ಗಂಟೆ. ಅಷ್ಟರಲ್ಲಿ ಮಂಜು ಹರಿದು ಹೋಯಿತು. ತಣ್ಣಗಿನ ಗಾಜಿಗೆ ಹಸಿ ಗಾಳಿ ತಾಗಿದರೆ ಹೀಗೇ ಆಗುವುದು, ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹಾಗೆ. ಉಪಾಯ ಸರಳ. ಎಸಿಯಿಂದ ಇಳಿಯುವ ಮೊದಲೇ ಕ್ಯಾಮೆರಾವನ್ನ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಟ್ಟಿ ಮುಚ್ಚಬೇಕು. ಬೆವರು ಚೀಲದ ಹೊರಗೆ ಕೂರುತ್ತದೆ. ಅರ್ಧ ಗಂಟೆ ಆದ ಮೇಲೆ ತೆಗೆದರೆ ಗಾಜು ಸ್ವಚ್ಛ. ಹತ್ತು ರೂಪಾಯಿಯ ಚೀಲ ಇರಲಿಲ್ಲ ಅಂತ ಆ ಮಂಜು ಹೋಯಿತು, ಇವತ್ತಿಗೂ ನೆನಪಾದರೆ ಹೊಟ್ಟೆ ಚುರ್ ಅನ್ನುತ್ತದೆ.

ಒದ್ದೆ ಊರು ತಿರುಗಿ ಬಂದ ಮೇಲೆ ಲೆನ್ಸ್‌ನ್ನು ಹಾಗೇ ಚೀಲದಲ್ಲಿ ಇಡಬೇಡಿ. ಒಂದು ವರ್ಷ ಆಗುಂಬೆಯಿಂದ ಬಂದು ಎರಡು ತಿಂಗಳು ತೆಗೆದೇ ನೋಡಿರಲಿಲ್ಲ. ಒಳಗೆ ಜೇಡನ ಬಲೆಯಂತೆ ಬೂಷ್ಟು ಹಿಡಿದಿತ್ತು. ರಿಪೇರಿಗೆ ಕೊಟ್ಟೆ, ಬೂಷ್ಟು ಹೋಯಿತು, ಆದರೆ ಗಾಜಿನ ಮೇಲಿನ ಲೇಪವೂ ಕೆರೆದು ಬಂತು. ಗಾಳಿ ಆಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಅಷ್ಟೇ ಬೇಕಾಗಿದ್ದು. ಅಕ್ಕಿ ಡಬ್ಬಿಯಲ್ಲಿ ಇಡುವುದು ಬೇಡ, ಹಿಟ್ಟಿನ ಧೂಳು ಒಳಗೆ ಹೋಗುತ್ತದೆ.

ಮಳೆ ನಿಂತ ಮಾರನೇ ದಿನದ ಬಗ್ಗೆ ಯಾರೂ ಹೇಳುವುದಿಲ್ಲ. ಶಹಾಪುರದ ಬುದ್ಧ ಮಲಗಿದ ಬೆಟ್ಟ ಬೇಸಿಗೆಯಲ್ಲಿ ಧೂಳಿನ ಹಿಂದೆ ಅರ್ಧ ಅಳಿಸಿದ ಹಾಗಿರುತ್ತದೆ. ಒಂದು ಒಳ್ಳೆ ಮಳೆ ಬಿದ್ದು ಧೂಳೆಲ್ಲ ಇಳಿದ ಬೆಳಗ್ಗೆ ರಸ್ತೆಯಿಂದ ನೋಡಿ. ಹಣೆ, ಮೂಗು, ಗದ್ದ, ಎಲ್ಲ ಗೆರೆ ಎಳೆದಂತೆ.

ಚಳಿಗಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನ ಎಲ್ಲರೂ ತೆಗೀತಾರೆ. ಬೀದರಿನಲ್ಲಿ ಕೆಲವು ಬೆಳಗ್ಗೆ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಬ್ಯಾಟರಿಗೆ ಅಷ್ಟು ಚಳಿಯಿಂದ ದೊಡ್ಡ ಏಟಿಲ್ಲ, ಹಿಮ ಬೀಳುವ ಊರಿಗೆ ಹೋಗುವವರು ಮಾತ್ರ ಎರಡನೇ ಬ್ಯಾಟರಿಯನ್ನ ಅಂಗಿಯೊಳಗಿನ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ. ಇಲ್ಲಿ ನೋಡಬೇಕಾದ್ದು ತೊಗರಿ ರಾಶಿ. ಡಿಸೆಂಬರ್, ಜನವರಿಯ ಇಳಿಹೊತ್ತು ಮಷಿನ್‌ನಿಂದ ಹೊಟ್ಟು ಹಾರುತ್ತದೆ, ಹಿಂದಿನಿಂದ ಸೂರ್ಯ ಬಿದ್ದರೆ ಇಡೀ ಹೊಲ ಬಂಗಾರದ ಹೊಗೆ. ಎಳ್ಳ ಅಮಾವಾಸ್ಯೆಗೆ ಯಾರ ಹೊಲಕ್ಕಾದರೂ ಹೋಗಿ, ಚರಗ ಚೆಲ್ಲುವಾಗ (ಹೊಲಕ್ಕೆ ನೈವೇದ್ಯ ಎರಚುವಾಗ) ಒಂದು ಫೋಟೋ ತೆಗೆದು ಕ್ಯಾಮೆರಾ ಒಳಗಿಡಿ. ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ ಕೊಟ್ಟವರ ಜೊತೆ ಕುಳಿತು ಊಟ ಮಾಡಿ.

ಇದನ್ನ ಯಾಕೆ ಹೇಳಿದೆ ಅಂದರೆ, ರಾಶಿ ಮಾಡುವವರಿಗೆ "ಅಕ್ಕಾ, ಇನ್ನೊಮ್ಮೆ ತೂರ್ರಿ, ಇನ್ನೊಮ್ಮೆ" ಅಂತ ಐದೈದು ಸಲ ತೂರಿಸುವವರನ್ನ ಕಣ್ಣಾರೆ ನೋಡಿದ್ದೇನೆ. ಬಿಸಿಲಲ್ಲಿ ಮುತ್ಯಾನನ್ನ ನಿಲ್ಲಿಸಿ ಮುಖದ ಸುಕ್ಕು ಕಾಣಲಿ ಅಂತ ಸೂರ್ಯನ ಕಡೆ ತಿರುಗಿಸುವವರನ್ನೂ. ನಾವು ಹತ್ತು ನಿಮಿಷಕ್ಕೆ ಬರುವವರು, ಅವರಿಗೆ ಅದು ದಿನದ ದುಡಿಮೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೊಳೆ ಉಕ್ಕಿದಾಗ ನಾನೂ ಕ್ಯಾಮೆರಾ ಹಿಡಿದು ಹೋಗಿದ್ದೆ. ಜನ ಜೋಳದ ಚೀಲ ಹೊತ್ತು ಮೇಲಿನ ಶಾಲೆಗೆ ಸಾಗಿಸುತ್ತಿದ್ದರು. ಮೂರು ಫೋಟೋ ತೆಗೆದೆ, ಆಮೇಲೆ ಕ್ಯಾಮೆರಾ ಒಂದು ಕಡೆ ಇಟ್ಟು ಚೀಲಕ್ಕೆ ಕೈ ಹಾಕಿದೆ. ಆವತ್ತಿನ ನನ್ನ ಹತ್ತಿರ ಮೂರೇ ಫೋಟೋ ಇರುವುದು, ಬೇಸರವಿಲ್ಲ.

ಆ ಆಯಿಗೆ ಆಡುಗಳ ಫೋಟೋ ಪ್ರಿಂಟ್ ಹಾಕಿಸಿ ಅದೇ ವರ್ಷ ಡಿಸೆಂಬರ್‌ನಲ್ಲಿ ಒಯ್ದು ಕೊಟ್ಟೆ. ಬಿಸಿಲಿನ ಬಗ್ಗೆ ಏನಾದರೂ ಹೇಳುತ್ತಾರೆ ಅಂತ ಕಾದೆ. ಅವರು ಬೆರಳಿಟ್ಟು ತೋರಿಸಿದ್ದು ಕರಿ ಆಡನ್ನ. "ಇದಕ್ಕ ಮಾರೀವಿ ತಮ್ಮಾ" ಅಂದರು, ಫೋಟೋವನ್ನ ಮಡಿಚದೆ ಸೆರಗಿನೊಳಗೆ ಇಟ್ಟುಕೊಂಡರು.

ಈ ಭಾನುವಾರ ಮಳೆ ಇದ್ದರೂ ಅಷ್ಟೂರಿಗೆ ಹೋಗುತ್ತಿದ್ದೇನೆ, ಮಳೆ ಇದ್ದರೆ ಇನ್ನೂ ಒಳ್ಳೇದು. ಬರುವವರು ಮೆಸೇಜ್ ಮಾಡಿ. ಮೊಬೈಲ್ ಇದ್ದರೂ ಸಾಕು. ಬೆಳಗ್ಗೆ ಆರಕ್ಕೆ ಬೀದರ ಬಸ್ ಸ್ಟ್ಯಾಂಡ್ ಹತ್ತಿರ ಸಿಗೋಣ, ಜಿಪ್ ಚೀಲ ನಾನೇ ನಾಲ್ಕೈದು ಜಾಸ್ತಿ ತರುತ್ತೇನೆ. ಮತ್ತೆ ನಿಮ್ಮ ಹತ್ತಿರ ಏಪ್ರಿಲ್, ಮೇ ತಿಂಗಳಲ್ಲಿ ತೆಗೆದ ನಮ್ಮ ಕಡೆಯ ಫೋಟೋ ಇದ್ದರೆ, ಬಣ್ಣ ಬಳಿಯದೆ, ಹೇಗಿದೆಯೋ ಹಾಗೇ ಕೆಳಗೆ ಹಾಕಿ. ನೋಡಬೇಕು ನನಗೆ.